ಕಣ್ಣಿಗೆ ನುಣುಪು, ಕೈಗೆ ಚುರುಕು: ಗೇಮಿಂಗ್ ಮಾನಿಟರ್ ಆರಿಸುವ ಬಗೆ

180 ಹರ್ಟ್ಜ್‌ನ (ಸೆಕೆಂಡಿಗೆ 180 ಸಲ ಚಿತ್ರ ಬದಲಿಸುವ) ಐಪಿಎಸ್ ಬಗೆಯ ಎಲ್‌ಸಿಡಿ ಸಾಕೇ, ಇನ್ನಷ್ಟು ದುಡ್ಡು ಕೂಡಿಸಿ 240ಕ್ಕೆ ಹೋಗಬೇಕೇ, ಇಲ್ಲವೇ ಒಂದೇ ಸಲಕ್ಕೆ, ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುವ ಓಎಲ್‌ಇಡಿ ಕೊಂಡುಬಿಡುವುದೇ? ಮಾನಿಟರ್ ಕೊಳ್ಳಲು ಹೊರಟವರು ಸಿಕ್ಕಿಕೊಳ್ಳುವುದು ಇಲ್ಲೇ. ಕೊಂಡು ತಂದ ಮೇಲೆ ಎರಡನೇ ಸುತ್ತಿನ ಗೊಂದಲ ಶುರುವಾಗುತ್ತದೆ. ಆಟದ ಚಿತ್ರಗಳನ್ನು ಮಾನಿಟರಿನ ತಾಳಕ್ಕೆ ಹೊಂದಿಸುವ ವಿ-ಸಿಂಕ್ ಹಾಕಿದರೆ ಚಿತ್ರ ನುಣುಪಾಗಿ ಹರಿಯುತ್ತದೆ, ಆದರೆ ಮೌಸ್ ಕೆಸರಿನಲ್ಲಿ ಕಾಲಿಟ್ಟಂತೆ ಭಾರವಾಗುತ್ತದೆ. ತೆಗೆದರೆ ಮೌಸ್ ಹಗುರ, ಆದರೆ ಚಿತ್ರ ಅಡ್ಡಡ್ಡ ಸೀಳುತ್ತದೆ. ಮಸುಕು ಹೋಗಲೆಂದು ಮಾನಿಟರಿನ ಮೆನುವಿನಲ್ಲಿ ಇನ್ನೊಂದು ಆಯ್ಕೆ ಒತ್ತಿದರೆ ಪರದೆಯೇ ಕಪ್ಪಿಟ್ಟಂತಾಗುತ್ತದೆ.

ಇದರ ಹಿಂದಿನ ಲೆಕ್ಕ ಒಂದೇ. ಗ್ರಾಫಿಕ್ಸ್ ಕಾರ್ಡ್ ನಿಜವಾಗಿ ಬಿಡಿಸಿದ ಫ್ರೇಮ್‌ಗಳು (ಬಿಡಿ ಚಿತ್ರಗಳು) ಹೆಚ್ಚಿದಷ್ಟೂ, ಅವನ್ನು ತೋರಿಸುವ ಶಕ್ತಿ ಮಾನಿಟರಿಗೆ ಇದ್ದಷ್ಟೂ, ನುಣುಪು ಮತ್ತು ಚುರುಕು ಎರಡೂ ಒಟ್ಟಿಗೆ ಸಿಗುತ್ತವೆ. ಇದಕ್ಕೆ ತೆರಬೇಕಾದದ್ದು ದುಡ್ಡು. ಮಿಕ್ಕ ಉಪಾಯಗಳೆಲ್ಲ ನುಣುಪನ್ನು ಕೊಟ್ಟು ಪ್ರತಿಯಾಗಿ ಇನ್ನೇನನ್ನೋ ಕಸಿಯುತ್ತವೆ: ಬ್ಯಾಕ್‌ಲೈಟ್ (ಪರದೆಯ ಹಿಂದಿನ ದೀಪ) ಮಿನುಗಿಸುವ ಉಪಾಯ ಬೆಳಕನ್ನು, ವಿ-ಸಿಂಕ್ ಮತ್ತು ನಡುವೆ ಊಹೆಯ ಫ್ರೇಮ್ ಸೇರಿಸುವ ಫ್ರೇಮ್ ಜನರೇಶನ್ ಸಮಯವನ್ನು. ದುಡ್ಡು, ಬೆಳಕು, ಸಮಯ ಈ ಮೂರರಲ್ಲಿ ನೀವು ಆಡುವ ಆಟಕ್ಕೆ ಯಾವುದು ನೀಗುತ್ತದೆ ಎಂದು ತೀರ್ಮಾನಿಸಿಕೊಂಡರೆ ಮಾನಿಟರ್ ಆರಿಸುವುದು ಕಷ್ಟವಲ್ಲ.

ಮೊದಲು ಅಳತೆಗೋಲು

ಎಲ್‌ಸಿಡಿಯಾಗಲಿ ಓಎಲ್‌ಇಡಿಯಾಗಲಿ, ಒಂದು ಫ್ರೇಮ್ ಬಂದರೆ ಮುಂದಿನದು ಬರುವ ತನಕ ಅದನ್ನೇ ಅಲುಗಾಡದೆ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಕಣ್ಣು ಮಾತ್ರ ಓಡುವ ವಸ್ತುವಿನ ಬೆನ್ನುಹತ್ತಿ ಸರಿಯುತ್ತಲೇ ಇರುತ್ತದೆ. ಚಿತ್ರ ನಿಂತಿದೆ, ಕಣ್ಣು ಸರಿಯುತ್ತಿದೆ; ಹಾಗಾಗಿ ಕಣ್ಣಿನೊಳಗೆ ಚಿತ್ರ ಬಳಿದುಕೊಂಡಂತಾಗುತ್ತದೆ. ನಾವು ಮಸುಕು ಎನ್ನುವುದು ಮುಖ್ಯವಾಗಿ ಇದನ್ನೇ. ಹಳೆಯ ಪಿಕ್ಚರ್ ಟ್ಯೂಬಿನಲ್ಲಿ ಪ್ರತಿ ಚುಕ್ಕಿಯೂ ಕ್ಷಣಮಾತ್ರ ಹೊಳೆದು ಆರುತ್ತಿತ್ತು. 60 ಹರ್ಟ್ಜ್‌ನಲ್ಲೂ ಅಲ್ಲಿ ಓಟ ಸ್ಫುಟವಾಗಿ ಕಾಣುತ್ತಿದ್ದುದು ಅದಕ್ಕೇ.

ಇದನ್ನು ಲೆಕ್ಕ ಹಾಕಬಹುದು. ಒಂದು ವಸ್ತು ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಓಡುತ್ತಿದೆ ಎನ್ನಿ. ಅಂದರೆ 1080ಪಿ (1920 x 1080 ಪಿಕ್ಸೆಲ್) ಪರದೆಯನ್ನು ಎರಡು ಸೆಕೆಂಡಿನಲ್ಲಿ ದಾಟುತ್ತದೆ. 60 ಹರ್ಟ್ಜ್‌ನಲ್ಲಿ ಫ್ರೇಮ್ 16.7 ಮಿಲಿಸೆಕೆಂಡ್ ನಿಲ್ಲುವುದರಿಂದ ಮಸುಕಿನ ಅಗಲ 16 ಪಿಕ್ಸೆಲ್. 144ರಲ್ಲಿ ಅದು 6.7, 180ರಲ್ಲಿ 5.3, 240ರಲ್ಲಿ 4, 360ರಲ್ಲಿ 2.7, 480ರಲ್ಲಿ 2 ಪಿಕ್ಸೆಲ್. 60ರಿಂದ 144ಕ್ಕೆ ಹಾರಿದಾಗ ಕಣ್ಣರಳುವುದೂ, 240ರಿಂದ 360ಕ್ಕೆ ಹೋದಾಗ ವ್ಯತ್ಯಾಸವನ್ನು ಹುಡುಕಬೇಕಾಗುವುದೂ ಈ ಅಂಕಿಗಳಲ್ಲೇ ಇದೆ. ಸಮಯದ ಉಳಿತಾಯವೂ ಹೀಗೇ ಕರಗುತ್ತ ಹೋಗುತ್ತದೆ: 60ರಿಂದ 144ಕ್ಕೆ ಪ್ರತಿ ಫ್ರೇಮಿಗೆ 9.7 ಮಿಲಿಸೆಕೆಂಡ್, 144ರಿಂದ 240ಕ್ಕೆ 2.8, 240ರಿಂದ 360ಕ್ಕೆ 1.4, 360ರಿಂದ 480ಕ್ಕೆ ಬರೀ 0.7.

ಈ ಲೆಕ್ಕಕ್ಕೆ ಎರಡು ಷರತ್ತುಗಳಿವೆ. ಒಂದು, ಆಟ ಅಷ್ಟು ಫ್ರೇಮ್ ಕೊಡಲೇಬೇಕು. 240 ಹರ್ಟ್ಜ್ ಮಾನಿಟರಿನಲ್ಲಿ ಆಟ 120 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 120 ಫ್ರೇಮ್) ಓಡುತ್ತಿದ್ದರೆ ಪ್ರತಿ ಫ್ರೇಮ್ 8.3 ಮಿಲಿಸೆಕೆಂಡ್ ನಿಲ್ಲುತ್ತದೆ. ನೀವು 240ಕ್ಕೆ ದುಡ್ಡು ಕೊಟ್ಟು 120ರ ಮಸುಕನ್ನೇ ನೋಡುತ್ತೀರಿ. ಎರಡು, ಪಿಕ್ಸೆಲ್ ಒಂದು ಬಣ್ಣದಿಂದ ಇನ್ನೊಂದಕ್ಕೆ ಹೊರಳುವುದು ಆ ಅವಧಿಯೊಳಗೆ ಮುಗಿಯಬೇಕು. 240 ಹರ್ಟ್ಜ್ ಫ್ರೇಮಿನ ಆಯಸ್ಸು 4.2 ಮಿಲಿಸೆಕೆಂಡ್. ಹೊರಳಲು 8 ಮಿಲಿಸೆಕೆಂಡ್ ಬೇಡುವ ಪಿಕ್ಸೆಲ್ ಅಲ್ಲಿ ಹಿಂದಿನ ಫ್ರೇಮಿನ ನೆರಳನ್ನು ಎಳೆದುಕೊಂಡೇ ಬರುತ್ತದೆ.

ಮಸುಕು ಒಂದಾದರೆ, ಹರಿವಿನ ಸಮತೆ ಇನ್ನೊಂದು. ಸರಾಸರಿ 140 ಎಫ್‌ಪಿಎಸ್ ಇದ್ದೂ ನಡುನಡುವೆ ಒಂದು ಫ್ರೇಮ್ 5 ಮಿಲಿಸೆಕೆಂಡಿಗೆ, ಮುಂದಿನದು 14ಕ್ಕೆ ಬಂದರೆ ಕಣ್ಣಿಗೆ ಕುಲುಕಾಟ ತಾಗುತ್ತದೆ. ಎಡೆಬಿಡದೆ 100 ಕೊಡುವ ಆಟ, 90 ಮತ್ತು 160ರ ನಡುವೆ ಜಿಗಿದಾಡುವ ಆಟಕ್ಕಿಂತ ನುಣುಪು.

ಕೊನೆಯದು ಕೈಗೆ ಸಂಬಂಧಿಸಿದ್ದು. ಮೌಸ್ ಗುಂಡಿ ಒತ್ತಿದ ಗಳಿಗೆಯಿಂದ ಪರದೆಯಲ್ಲಿ ಗುಂಡು ಹಾರುವ ತನಕದ ತಡವೇ ಇನ್‌ಪುಟ್ ಲ್ಯಾಗ್. ಈ ದಾರಿಯಲ್ಲಿ ಮೌಸ್, ಆಟದ ಲೆಕ್ಕಾಚಾರ, ಗ್ರಾಫಿಕ್ಸ್ ಕಾರ್ಡಿನ ಮುಂದಿನ ಸರದಿ, ಕಾರ್ಡಿನ ಕೆಲಸ, ಸಿಂಕ್‌ಗಾಗಿ ಕಾಯುವಿಕೆ, ಮಾನಿಟರಿನ ಒಳಗಿನ ಸಂಸ್ಕರಣೆ, ಪಿಕ್ಸೆಲ್ ಹೊರಳುವಿಕೆ ಎಲ್ಲವೂ ಬರುತ್ತವೆ. ಇಂದಿನ ಒಳ್ಳೆಯ ಗೇಮಿಂಗ್ ಮಾನಿಟರ್ ತನ್ನ ಗರಿಷ್ಠ ರಿಫ್ರೆಶ್ ರೇಟಿನಲ್ಲಿ (ಹರ್ಟ್ಜ್‌ನಲ್ಲಿ) ತಾನಾಗಿ ಸೇರಿಸುವುದು ಒಂದೆರಡು ಮಿಲಿಸೆಕೆಂಡ್ ಅಷ್ಟೇ. ತಡದ ಬಹುಪಾಲು ಹುಟ್ಟುವುದು ಪಿಸಿಯೊಳಗೆ. ಹಾಗಾಗಿ ಲ್ಯಾಗ್ ಎಂದು ನೊಂದು ಹೊಸ ಮಾನಿಟರ್ ಕೊಳ್ಳುವ ಮುಂಚೆ ಸೆಟ್ಟಿಂಗ್ ನೋಡುವುದು ಉಳಿತಾಯದ ದಾರಿ. ಇಂಟರ್ನೆಟ್ಟಿನ ಪಿಂಗ್ ಇದರಿಂದ ಬೇರೆಯೇ ಆದ ತಡ. ಬೆಂಗಳೂರಿನಲ್ಲಿ ಕೂತು ಕೌಂಟರ್-ಸ್ಟ್ರೈಕ್ 2 ಆಡುವವರು ಚೆನ್ನೈ ಸರ್ವರ್ ಬದಲು ದೂರದ ಸರ್ವರಿಗೆ ಸಿಕ್ಕಿಕೊಂಡರೆ ಆಗುವ ನಷ್ಟವನ್ನು ಯಾವ ಮಾನಿಟರೂ ತುಂಬಿಕೊಡದು.

ಡಬ್ಬಿಯ ಮೇಲಿನ 1 ಮಿಲಿಸೆಕೆಂಡ್ ಎಂಬ ಮಾತನ್ನು ಅಳತೆಗೋಲಾಗಿ ಹಿಡಿಯಬೇಡಿ. ಜಿಟಿಜಿ ಎಂದಿದ್ದರೆ ಅದು ಪಿಕ್ಸೆಲ್ ಹೊರಳುವ ವೇಗ, ಅದೂ ಹೆಚ್ಚಾಗಿ ಯಾರೂ ಬಳಸಲಾಗದಷ್ಟು ಜೋರಿನ ಓವರ್‌ಡ್ರೈವ್‌ನಲ್ಲಿ (ಪಿಕ್ಸೆಲ್‌ಗಳನ್ನು ದೂಡಿ ಬೇಗ ಹೊರಳಿಸುವ ಸೆಟ್ಟಿಂಗ್) ಅಳೆದದ್ದು. ಎಂಪಿಆರ್‌ಟಿ ಎಂದಿದ್ದರೆ ಅದು ಬ್ಯಾಕ್‌ಲೈಟ್ ಮಿನುಗಿಸಿದಾಗ ಸಿಗುವ ಅಂಕಿ. ಎರಡೂ ಇನ್‌ಪುಟ್ ಲ್ಯಾಗ್‌ನ ಅಳತೆಯಲ್ಲ.

ಪ್ಯಾನೆಲ್‌ಗಳನ್ನು ತೂಗಿದರೆ

144ರಿಂದ 180 ಹರ್ಟ್ಜ್‌ವರೆಗಿನ ಐಪಿಎಸ್ ಬಹುಪಾಲು ಜನರಿಗೆ ಸರಿಹೊಂದುವ ಆಯ್ಕೆ. ಫ್ರೇಮಿಗೆ 5.6ರಿಂದ 7 ಮಿಲಿಸೆಕೆಂಡ್ ಸಿಗುತ್ತದೆ, ವೇಗದ ಐಪಿಎಸ್ ಪಿಕ್ಸೆಲ್‌ಗಳು ಹೆಚ್ಚುಕಡಿಮೆ ಅಷ್ಟರಲ್ಲಿ ಹೊರಳಿ ಮುಗಿಸುತ್ತವೆ. ಕಪ್ಪು ಬಣ್ಣ ಬೂದು ಬೂದಾಗಿ ಕಾಣುವುದು ಇದರ ಕೊರತೆ. ಕತ್ತಲ ಕೋಣೆಯಲ್ಲಿ ಭಯಾನಕ ಆಟ ಆಡುವವರಿಗೆ ಅದು ಎದ್ದು ಕಾಣುತ್ತದೆ. ಹಗಲಲ್ಲಿ ಬೆಳಕು ತುಂಬುವ ಹಾಲಿನಲ್ಲಿ, ಓದು ಬರಹ ಕೋಡಿಂಗ್ ಎಲ್ಲ ಒಂದೇ ಪರದೆಯಲ್ಲಿ ನಡೆಯುವ ಮನೆಯಲ್ಲಿ ಇದಕ್ಕೆ ಸಾಟಿಯಿಲ್ಲ.

ಅದೇ ಬೆಲೆಗೆ ವಿಎ ಎಂಬ ಇನ್ನೊಂದು ಬಗೆಯ ಎಲ್‌ಸಿಡಿ ಪ್ಯಾನೆಲ್ ಸಿಗುತ್ತದೆ, ಹಲವು ಸಲ ಬಾಗಿದ ಪರದೆಯಾಗಿ. ಕಪ್ಪು ನಿಜಕ್ಕೂ ಕಪ್ಪಗಿರುತ್ತದೆ. ಆದರೆ ಅಗ್ಗದ ವಿಎ ಪಿಕ್ಸೆಲ್ ಕಪ್ಪಿನಿಂದ ಗಾಢ ಬೂದಿಗೆ ಹೊರಳಲು 15 ಮಿಲಿಸೆಕೆಂಡ್ ದಾಟುವುದುಂಟು. 144 ಹರ್ಟ್ಜ್‌ನಲ್ಲಿ ಅಷ್ಟರಲ್ಲಿ ಎರಡು ಫ್ರೇಮ್ ಕಳೆದಿರುತ್ತದೆ. ಕತ್ತಲ ಮೂಲೆಯಲ್ಲಿ ಶತ್ರು ಓಡಿದಾಗ ಹಿಂದೆ ಮಸಿ ಎಳೆದಂತೆ ಕಾಣುವುದು ಇದರಿಂದಲೇ. ಕೆಲವು ದುಬಾರಿ ವಿಎಗಳು ಇದಕ್ಕೆ ಅಪವಾದ. ಕಥೆ ಇರುವ ಆಟ, ರೇಸಿಂಗ್, ಸಿನಿಮಾ ನೋಡುವವರಿಗೆ ವಿಎ ಒಪ್ಪುತ್ತದೆ. ವ್ಯಾಲೊರಂಟ್‌ನಂಥ ಶೂಟರ್ (ಗುಂಡಿನ ಕಾಳಗದ ಆಟ) ಆಡುವವರಿಗೆ ಅಗ್ಗದ ವಿಎ ಬೇಡವೇ ಬೇಡ.

240 ಹರ್ಟ್ಜ್‌ನ 24-25 ಇಂಚಿನ 1080ಪಿ ಐಪಿಎಸ್ ಸ್ಪರ್ಧಾತ್ಮಕ ಶೂಟರ್‌ಗಳಿಗೆಂದೇ ಮಾಡಿದ್ದು. ವ್ಯಾಲೊರಂಟ್‌ನಂಥ ಹಗುರ ಆಟ ಮಧ್ಯಮ ದರ್ಜೆಯ ಕಾರ್ಡಿನಲ್ಲೂ 240 ದಾಟುತ್ತದೆ, ಹಾಗಾಗಿ ಕೊಟ್ಟ ದುಡ್ಡು ವಸೂಲಾಗುತ್ತದೆ. ಇಲ್ಲಿ ಗಮನವಿರಬೇಕಾದದ್ದು ಪ್ರೊಸೆಸರಿನ ಮೇಲೆ. ಇಂಥ ಆಟಗಳಲ್ಲಿ ಎಫ್‌ಪಿಎಸ್‌ಗೆ ತಡೆಯೊಡ್ಡುವುದು ಹೆಚ್ಚಾಗಿ ಸಿಪಿಯು. ಹಳೆಯ ನಾಲ್ಕು ಕೋರ್ ಪ್ರೊಸೆಸರ್, ಒಂದೇ ಸ್ಟಿಕ್ ರ‍್ಯಾಮ್ ಇಟ್ಟುಕೊಂಡು 240 ಹರ್ಟ್ಜ್ ಮಾನಿಟರ್ ತಂದರೆ ಗುಂಡಿನ ಚಕಮಕಿ ಶುರುವಾದ ಕೂಡಲೇ ಎಫ್‌ಪಿಎಸ್ ಕುಸಿಯುತ್ತದೆ. ಸರಿಯಾಗಿ ಬೇಕಾದ ಹೊತ್ತಿಗೇ ನುಣುಪು ಕೈಕೊಡುತ್ತದೆ. ಆ ದುಡ್ಡಿನಲ್ಲಿ ಎರಡನೇ ರ‍್ಯಾಮ್ ಸ್ಟಿಕ್ ಮತ್ತು 180 ಹರ್ಟ್ಜ್ ಮಾನಿಟರ್ ಕೊಳ್ಳುವುದು ಮೇಲು.

ಓಎಲ್‌ಇಡಿ ಬೇರೆಯೇ ಲೋಕ. ಪಿಕ್ಸೆಲ್ ಹೊರಳುವುದು ಒಂದು ಮಿಲಿಸೆಕೆಂಡಿಗಿಂತ ಎಷ್ಟೋ ಕಡಿಮೆ ಹೊತ್ತಿನಲ್ಲಿ, ಓವರ್‌ಡ್ರೈವ್ ಗೋಜೇ ಇಲ್ಲ. 240 ಹರ್ಟ್ಜ್ ಓಎಲ್‌ಇಡಿಯಲ್ಲಿ ಮಸುಕು ಲೆಕ್ಕದ 4 ಪಿಕ್ಸೆಲ್‌ಗೇ ನಿಲ್ಲುತ್ತದೆ, ಎಲ್‌ಸಿಡಿಯಲ್ಲಿ ಅದರ ಮೇಲೆ ನೆರಳಿನ ಬಾಲವೂ ಸೇರುತ್ತದೆ. ಆದ್ದರಿಂದ ಓಟದ ಸ್ಫುಟತೆಯಲ್ಲಿ 240ರ ಓಎಲ್‌ಇಡಿ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಎಲ್‌ಸಿಡಿಯ ಜೊತೆ ನಿಲ್ಲುತ್ತದೆ. ನುಣುಪಿಗಾಗಿ ಕೈಯ ಚುರುಕನ್ನು ಬಿಟ್ಟುಕೊಡಬೇಕಿಲ್ಲದ ಆಯ್ಕೆ ಇದು; ಬೆಲೆಯೊಂದನ್ನು ಬಿಟ್ಟು.

ಆದರೂ ತೂಗಿ ನೋಡಬೇಕಾದ ಸಂಗತಿಗಳಿವೆ. ಪಿಕ್ಸೆಲ್ ಥಟ್ಟನೆ ಬದಲಾಗುವುದರಿಂದ 40 ಎಫ್‌ಪಿಎಸ್‌ನ ಕುಲುಕಾಟ ಎಲ್‌ಸಿಡಿಗಿಂತ ಇಲ್ಲಿ ಒರಟಾಗಿ ಕಾಣುತ್ತದೆ. ದುರ್ಬಲ ಕಾರ್ಡಿಗೆ ಓಎಲ್‌ಇಡಿ ಹೇಳಿ ಮಾಡಿಸಿದ ಜೋಡಿಯಲ್ಲ. ದಿನಕ್ಕೆ ಎಂಟು ಗಂಟೆ ಎಕ್ಸೆಲ್ ಶೀಟೋ ಕೋಡ್ ಎಡಿಟರೋ ತೆರೆದಿಟ್ಟರೆ ಅದರ ಗುರುತು ಪರದೆಯ ಮೇಲೆ ಶಾಶ್ವತವಾಗಿ ಉಳಿಯುವ ಅಪಾಯವಿದೆ. ಸಣ್ಣ ಅಕ್ಷರದ ಅಂಚಿನಲ್ಲಿ ಬಣ್ಣದ ಗೆರೆ ಕಾಣಬಹುದು, 27 ಇಂಚಿನ 1440ಪಿಯಲ್ಲಿ (2560 x 1440 ಪಿಕ್ಸೆಲ್) ಕೆಲವರ ಕಣ್ಣಿಗೆ ಇದು ಚುಚ್ಚುತ್ತದೆ. ಕ್ಯೂಡಿ-ಓಎಲ್‌ಇಡಿ ಬಗೆಯದಾದರೆ ಕಿಟಕಿಯ ಬೆಳಕು ಬಿದ್ದಾಗ ಕಪ್ಪು ಬಣ್ಣ ನೇರಳೆ ಬೂದಿಗೆ ತಿರುಗುತ್ತದೆ. ಕೊಳ್ಳುವಾಗ ಬರ್ನ್-ಇನ್‌ಗೆ (ಹೀಗೆ ಶಾಶ್ವತವಾಗಿ ಉಳಿಯುವ ಗುರುತಿಗೆ) ವಾರಂಟಿ ಉಂಟೇ, ಎಷ್ಟು ವರ್ಷ, ಅದು ಭಾರತದ ಬಿಲ್ಲಿಗೂ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ನೋಡಿಕೊಳ್ಳಿ.

360 ಹರ್ಟ್ಜ್ ಮತ್ತು ಅದರಾಚೆಯವು ಪಂದ್ಯಾವಳಿ ಆಡುವವರಿಗೆ. ಸದಾ 360 ಎಫ್‌ಪಿಎಸ್ ಕೊಡುವ ಪ್ರೊಸೆಸರ್ ಮೊದಲು ಇರಲಿ, ಮಾನಿಟರ್ ಆಮೇಲೆ.

ಸಿಂಕ್: ಲ್ಯಾಗ್ ನಿಜವಾಗಿ ಗೆಲ್ಲುವ, ಸೋಲುವ ಜಾಗ

ಸಿಂಕ್ ಏನೂ ಇಲ್ಲದೆ ಆಡಿದರೆ ತಡ ಅತಿ ಕಡಿಮೆ. ಕಾರ್ಡ್ ಬಿಡಿಸಿದ್ದನ್ನು ಬಿಡಿಸಿದಂತೆಯೇ ಮಾನಿಟರಿಗೆ ತಳ್ಳುತ್ತದೆ, ಪರದೆಯ ನಡುವಿನಲ್ಲೇ ಫ್ರೇಮ್ ಬದಲಾಗಿ ಸೀಳು ಕಾಣುತ್ತದೆ. 60 ಹರ್ಟ್ಜ್‌ನಲ್ಲಿ ಆ ಸೀಳು ಅಸಹ್ಯ. 240ರಲ್ಲಿ ಎರಡು ತುಂಡುಗಳ ನಡುವಿನ ಅಂತರ ಚಿಕ್ಕದು, ಒಂದೊಂದು ಸೀಳು ಇರುವುದೂ 4 ಮಿಲಿಸೆಕೆಂಡಷ್ಟೇ. ಹೀಗಾಗಿ 240 ಹರ್ಟ್ಜ್ ಮಾನಿಟರಿನಲ್ಲಿ 400 ಎಫ್‌ಪಿಎಸ್ ಬರುವ ಶೂಟರ್ ಆಡುವಾಗ ಸಿಂಕ್ ಇಲ್ಲದೆ ಬಿಡುವುದರಲ್ಲಿ ಅರ್ಥವಿದೆ.

ಬರೀ ವಿ-ಸಿಂಕ್ ಹಾಕಿದರೆ ಕಾರ್ಡ್ ಮಾನಿಟರಿನ ತಾಳಕ್ಕೆ ಕಾಯಬೇಕು, ಹಿಂದೆ ಸಿದ್ಧವಾದ ಫ್ರೇಮ್‌ಗಳು ಸರದಿ ನಿಲ್ಲುತ್ತವೆ. ಎರಡು ಫ್ರೇಮ್ ಸರದಿಯಲ್ಲಿ ನಿಂತರೆ 60 ಹರ್ಟ್ಜ್‌ನಲ್ಲಿ 33 ಮಿಲಿಸೆಕೆಂಡ್ ತಡ, 240ರಲ್ಲಿ 8. ಮೌಸ್ ಕೆಸರಾಗುವುದು ಇಲ್ಲೇ. ಅದರ ಮೇಲೆ ಎಫ್‌ಪಿಎಸ್ ರಿಫ್ರೆಶ್ ರೇಟಿಗಿಂತ ಸ್ವಲ್ಪ ಇಳಿದರೂ ಒಂದು ಫ್ರೇಮ್ ಎರಡು ಸಲ ತೋರಿ ಕುಲುಕಾಟವಾಗುತ್ತದೆ.

ಈ ಎರಡರ ನಡುವೆ ಬಂದದ್ದು ವಿಆರ್‌ಆರ್, ಅಂದರೆ ಬದಲಾಗುವ ರಿಫ್ರೆಶ್ ರೇಟ್. ಗ್ರಾಫಿಕ್ಸ್ ಕಾರ್ಡ್ ಕಂಪನಿ ಎನ್‌ವಿಡಿಯಾ ಇದನ್ನು 2013ರಲ್ಲಿ ಜಿ-ಸಿಂಕ್ ಎಂದು ಪರಿಚಯಿಸಿತು, ಪ್ರತಿಸ್ಪರ್ಧಿ ಎಎಂಡಿಯ ಫ್ರೀಸಿಂಕ್ ಮಾನಿಟರ್‌ಗಳು 2015ರಲ್ಲಿ ಬಂದವು, 2019ರ ಜನವರಿಯಿಂದ ಫ್ರೀಸಿಂಕ್ ಮಾನಿಟರ್‌ಗಳನ್ನು ಎನ್‌ವಿಡಿಯಾ ಕಾರ್ಡ್‌ಗಳೂ ಒಪ್ಪಿಕೊಂಡವು. ಮಾನಿಟರಿನ ತಾಳಕ್ಕೆ ಕಾರ್ಡ್ ಕಾಯುವ ಬದಲು, ಕಾರ್ಡಿನ ತಾಳಕ್ಕೆ ಮಾನಿಟರೇ ಹೆಜ್ಜೆ ಹಾಕುತ್ತದೆ. ಸೀಳಿಲ್ಲ, ಸರದಿಯ ತಡವೂ ಇಲ್ಲ. ಆದರೆ ಎಫ್‌ಪಿಎಸ್ ಮಾನಿಟರಿನ ಮಿತಿಯನ್ನು ಮುಟ್ಟಿದ ಕ್ಷಣ ವಿಆರ್‌ಆರ್ ಕೈಬಿಡುತ್ತದೆ. ವಿ-ಸಿಂಕ್ ಹಾಕಿದ್ದರೆ ಹಳೆಯ ತಡ, ಹಾಕಿರದಿದ್ದರೆ ಸೀಳು ಮರಳುತ್ತದೆ. ವಿಆರ್‌ಆರ್ ಹಾಕಿಯೂ ಲ್ಯಾಗ್ ಇದೆ ಎನ್ನುವವರ ತೊಂದರೆ ಬಹುಮಟ್ಟಿಗೆ ಇದೇ.

ಎನ್‌ವಿಡಿಯಾ ಕಾರ್ಡಿನಲ್ಲಿ ಹೊಂದಿಸುವ ಕ್ರಮ ಹೀಗೆ. ಮೊದಲು ಮಾನಿಟರಿನ ಮೆನುವಿನಲ್ಲಿ ಫ್ರೀಸಿಂಕ್ ಅಥವಾ ಅಡಾಪ್ಟಿವ್ ಸಿಂಕ್ ಆನ್ ಮಾಡಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಜಿ-ಸಿಂಕ್ ಆನ್ ಮಾಡಿ, ತ್ರೀಡಿ ಸೆಟ್ಟಿಂಗ್‌ನಲ್ಲಿ ವರ್ಟಿಕಲ್ ಸಿಂಕ್ ಆನ್ ಇಡಿ, ಆಟದೊಳಗಿನ ವಿ-ಸಿಂಕ್ ಆಫ್ ಮಾಡಿ. ಆಟದಲ್ಲಿ ರಿಫ್ಲೆಕ್ಸ್ (ಎನ್‌ವಿಡಿಯಾದ ತಡ ತಗ್ಗಿಸುವ ಆಯ್ಕೆ) ಇದ್ದರೆ ಅದನ್ನು ಆನ್ ಮಾಡಿದರೆ ಸಾಕು, ಎಫ್‌ಪಿಎಸ್ ತಾನಾಗಿ ಮಿತಿಯ ಕೆಳಗೆ ನಿಲ್ಲುತ್ತದೆ: 144ಕ್ಕೆ 138, 240ಕ್ಕೆ 225ರ ಆಸುಪಾಸು. ರಿಫ್ಲೆಕ್ಸ್ ಇಲ್ಲದ ಆಟದಲ್ಲಿ ಇದೇ ಲೆಕ್ಕದಲ್ಲಿ ನೀವೇ ಮಿತಿ ಹಾಕಿ. ರಿಫ್ರೆಶ್ ರೇಟನ್ನು ಅದರಿಂದಲೇ ಗುಣಿಸಿ 3600ರಿಂದ ಭಾಗಿಸಿ, ಬಂದದ್ದನ್ನು ರಿಫ್ರೆಶ್ ರೇಟಿನಿಂದ ಕಳೆಯಿರಿ: 165ಕ್ಕೆ 157, 180ಕ್ಕೆ 171, 360ಕ್ಕೆ 324. ಆಟದೊಳಗೇ ಎಫ್‌ಪಿಎಸ್ ಮಿತಿ ಹಾಕುವ ಆಯ್ಕೆ ಇದ್ದರೆ ತಡದ ದೃಷ್ಟಿಯಿಂದ ಅದೇ ಉತ್ತಮ. ಇಲ್ಲದಿದ್ದರೆ ರಿವಾಟ್ಯೂನರ್ ಎಂಬ ತಂತ್ರಾಂಶ ಬಳಸಿ. ತಡ ತುಸು ಹೆಚ್ಚು, ಫ್ರೇಮ್‌ಗಳ ಸಮತೆ ಚೆನ್ನ. ಎಎಂಡಿ ಕಾರ್ಡಾದರೆ ಅದರ ಅಡ್ರಿನಲಿನ್ ತಂತ್ರಾಂಶದಲ್ಲಿ ಫ್ರೀಸಿಂಕ್ ಆನ್ ಮಾಡಿ ಇದೇ ಮಿತಿ ಹಾಕಿ, ಆಟ ಒಪ್ಪಿದರೆ ತಡ ತಗ್ಗಿಸುವ ಆ್ಯಂಟಿ-ಲ್ಯಾಗ್ 2 ಬಳಸಿ.

ಇನ್ನೊಂದು ಗುಟ್ಟು ಬಹಳ ಜನ ಗಮನಿಸದ್ದು. ಗ್ರಾಫಿಕ್ಸ್ ಕಾರ್ಡ್ 99 ಶೇಕಡಾ ಕೆಲಸದಲ್ಲಿ ಮುಳುಗಿದ್ದರೆ ಪ್ರೊಸೆಸರ್ ಸಿದ್ಧ ಮಾಡಿದ ಫ್ರೇಮ್‌ಗಳು ಅದರ ಮುಂದೆ ಸಾಲುಗಟ್ಟುತ್ತವೆ, ಸಾಲಿನಲ್ಲಿ ನಿಂತಷ್ಟು ಹೊತ್ತು ನಿಮ್ಮ ಕ್ಲಿಕ್ ಹಳಸುತ್ತದೆ. ಆಟ 110ರಿಂದ 140ರ ನಡುವೆ ತೂಗಾಡುತ್ತಿದ್ದರೆ 110ಕ್ಕೆ ಮಿತಿ ಹಾಕಿ ನೋಡಿ. ಎಫ್‌ಪಿಎಸ್ ಅಂಕಿ ಇಳಿದರೂ ಹರಿವು ಸಮವಾಗುತ್ತದೆ, ಎಷ್ಟೋ ಸಲ ಕೈಗೆ ಹಗುರವೂ ಆಗುತ್ತದೆ. ರಿಫ್ಲೆಕ್ಸ್ ಮಾಡುವುದೂ ಮೂಲತಃ ಈ ಸಾಲನ್ನು ಕರಗಿಸುವ ಕೆಲಸವನ್ನೇ.

ಮಾನಿಟರಿನ ವಿಆರ್‌ಆರ್ ವ್ಯಾಪ್ತಿಯನ್ನೂ ನೋಡಿ. 48ರಿಂದ 144 ಎಂದಿದ್ದರೆ, 40ಕ್ಕೆ ಇಳಿದಾಗ ಪ್ರತಿ ಫ್ರೇಮನ್ನು ಎರಡು ಸಲ ತೋರಿಸಿ 80 ಹರ್ಟ್ಜ್‌ನಲ್ಲಿ ನಡೆಸುತ್ತದೆ. ಮೇಲಿನ ಅಂಕಿ ಕೆಳಗಿನದರ ಎರಡು ಪಟ್ಟಾದರೂ ಇಲ್ಲದಿದ್ದರೆ ಈ ಅನುಕೂಲ ಸಿಗದು. 48ರಿಂದ 75ರಂಥ ವ್ಯಾಪ್ತಿಯ ಅಗ್ಗದ ಮಾನಿಟರ್‌ಗಳಿಂದ ದೂರವಿರಿ. ಓಎಲ್‌ಇಡಿ ಮತ್ತು ವಿಎಗಳಲ್ಲಿ ಎಫ್‌ಪಿಎಸ್ ಏಕಾಏಕಿ ಜಿಗಿದಾಗ, ಅದರಲ್ಲೂ ಲೋಡಿಂಗ್ ಪರದೆ ಮತ್ತು ಗಾಢ ಬೂದು ದೃಶ್ಯಗಳಲ್ಲಿ, ಬೆಳಕು ಪಟಪಟನೆ ಮಿಣುಕಬಹುದು. ಅದು ಮಾನಿಟರ್ ಕೆಟ್ಟ ಲಕ್ಷಣವಲ್ಲ. ಎಫ್‌ಪಿಎಸ್ ಸ್ಥಿರವಾಗುವ ಮಟ್ಟಕ್ಕೆ ಮಿತಿ ಇಳಿಸಿ. ನಿಲ್ಲದಿದ್ದರೆ ಆ ಒಂದು ಆಟಕ್ಕೆ ಮಾತ್ರ ವಿಆರ್‌ಆರ್ ತೆಗೆಯಿರಿ.

ಬೆಳಕು ಕೊಟ್ಟು ಸ್ಫುಟತೆ ಕೊಳ್ಳುವುದು

ಬೆನ್‌ಕ್ಯೂ ಝೋವಿಯ ಡೈಎಸಿ, ಎನ್‌ವಿಡಿಯಾದ ಯುಎಲ್‌ಎಂಬಿ, ಹಲವು ಮಾನಿಟರ್‌ಗಳ ಎಂಪಿಆರ್‌ಟಿ ಆಯ್ಕೆ, ಇವೆಲ್ಲ ಒಂದೇ ತತ್ತ್ವದವು. ಪಿಕ್ಸೆಲ್ ಹೊರಳುವಾಗ ಬ್ಯಾಕ್‌ಲೈಟ್ ಆರಿಸಿ, ಹೊರಳಿ ಮುಗಿದಾಗ ಒಂದು ಕ್ಷಣ ಮಿನುಗಿಸುತ್ತವೆ. ಆ ಮಿನುಗು 1 ಮಿಲಿಸೆಕೆಂಡಿನದಾದರೆ ಮಸುಕು ನಮ್ಮ ಲೆಕ್ಕದಲ್ಲಿ ಸುಮಾರು 1 ಪಿಕ್ಸೆಲ್. 144 ಹರ್ಟ್ಜ್ ಎಲ್‌ಸಿಡಿ ಇದರಿಂದ ದುಬಾರಿ ಓಎಲ್‌ಇಡಿಯನ್ನೂ ಮೀರಿಸುತ್ತದೆ. ಓಡುವ ಶತ್ರುವಿನ ಮೇಲೆ ಗುರಿ ಎಳೆದು ಹಿಡಿಯುವ ಆಟಗಳಲ್ಲಿ ಇದರ ಪ್ರಯೋಜನ ಕಣ್ಣಿಗೆ ಕಟ್ಟುತ್ತದೆ. ಕ್ರಾಸ್‌ಹೇರ್ (ಗುರಿಯ ಗುರುತು) ಮೇಲೇ ಕಣ್ಣಿಟ್ಟು ಮೂಲೆ ಕಾಯುವವರಿಗೆ ಅಷ್ಟಿಲ್ಲ, ಏಕೆಂದರೆ ಅಲ್ಲಿ ಕಣ್ಣು ಓಡುವುದೇ ಇಲ್ಲ.

ತೆರಬೇಕಾದದ್ದು ಮೊದಲಿಗೆ ಬೆಳಕು. 120 ಹರ್ಟ್ಜ್‌ನ 8.3 ಮಿಲಿಸೆಕೆಂಡಿನಲ್ಲಿ 1 ಮಾತ್ರ ಬೆಳಗಿದರೆ ಎಂಟರಲ್ಲಿ ಒಂದು ಪಾಲು ಬೆಳಕು. ಬ್ಯಾಕ್‌ಲೈಟಿಗೆ ಹೆಚ್ಚು ಕರೆಂಟ್ ಕೊಟ್ಟು ಸ್ವಲ್ಪ ತುಂಬಿದರೂ ಹಗಲಿನ ಕೋಣೆಗೆ ಸಾಲದು. ಎಫ್‌ಪಿಎಸ್ ಮತ್ತು ಹರ್ಟ್ಜ್ ಸರಿಸಮ ಇರಲೇಬೇಕು. 120ರ ಮಿನುಗಿನಲ್ಲಿ 60 ಎಫ್‌ಪಿಎಸ್ ಆಡಿದರೆ ಪ್ರತಿಯೊಂದೂ ಜೋಡಿಯಾಗಿ ಕಾಣುತ್ತದೆ. ಸಾಮಾನ್ಯ ಮಾನಿಟರ್‌ಗಳಲ್ಲಿ ಇದನ್ನು ಹಾಕಿದರೆ ವಿಆರ್‌ಆರ್ ಹೋಗುತ್ತದೆ, ಸೀಳು ತಡೆಯಲು ಮತ್ತೆ ವಿ-ಸಿಂಕ್ ಬೇಕಾಗಿ ತಡ ಸೇರುತ್ತದೆ. ಎರಡನ್ನೂ ಒಟ್ಟಿಗೆ ನಡೆಸುವ ಜಿ-ಸಿಂಕ್ ಪಲ್ಸರ್ ಅನ್ನು ಎನ್‌ವಿಡಿಯಾ 2024ರಲ್ಲಿ ಘೋಷಿಸಿತು. ಅಂಥದ್ದು ಬೇಕಿದ್ದರೆ ಡಬ್ಬಿಯ ಮೇಲೆ ಆ ಹೆಸರೇ ಇದೆಯೇ ನೋಡಿ. ಪರದೆಯ ಮೇಲ್ತುದಿ ಅಥವಾ ಕೆಳತುದಿಯಲ್ಲಿ ನೆರಳು ಜೋಡಿಯಾಗಿ ಕಂಡರೆ ರಿಫ್ರೆಶ್ ರೇಟ್ ಇಳಿಸಿ: 240ರ ಪ್ಯಾನೆಲನ್ನು 120 ಅಥವಾ 144ರಲ್ಲಿ ಮಿನುಗಿಸಿದರೆ ಪಿಕ್ಸೆಲ್‌ಗೆ ಹೊರಳಲು ಪುರುಸೊತ್ತು ಸಿಕ್ಕಿ ಚಿತ್ರ ಸ್ವಚ್ಛವಾಗುತ್ತದೆ. ಅರ್ಧ ಗಂಟೆಯಲ್ಲಿ ತಲೆನೋವು ಬಂದರೆ ಹಟ ಬೇಡ, ಈ ಮಿಣುಕು ಎಲ್ಲರ ಕಣ್ಣಿಗೂ ಒಗ್ಗುವುದಿಲ್ಲ.

ಸಮಯ ಕೊಟ್ಟು ನುಣುಪು ಕೊಳ್ಳುವುದು

ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ 3ರ ಜೊತೆ 2022ರಲ್ಲಿ, ಎಎಂಡಿಯ ಎಫ್‌ಎಸ್‌ಆರ್ 3ರ ಜೊತೆ 2023ರಲ್ಲಿ ಬಂದ ಫ್ರೇಮ್ ಜನರೇಶನ್, ಎರಡು ನಿಜ ಫ್ರೇಮ್‌ಗಳ ನಡುವೆ ಒಂದು ಊಹೆಯ ಫ್ರೇಮ್ ಹೆಣೆಯುತ್ತದೆ. ನಡುವಿನದನ್ನು ಹೆಣೆಯಲು ಮುಂದಿನದು ಕೈಯಲ್ಲಿರಬೇಕು, ಅಂದರೆ ಸಿದ್ಧವಾದ ಹೊಸ ಫ್ರೇಮನ್ನು ನಿಮಗೆ ತೋರಿಸದೆ ತಡೆಹಿಡಿಯಬೇಕು. ಮೂಲ 60 ಎಫ್‌ಪಿಎಸ್ ಇದ್ದರೆ ಹೆಚ್ಚುಕಡಿಮೆ 8ರಿಂದ 17 ಮಿಲಿಸೆಕೆಂಡ್ ಸೇರುತ್ತದೆ, ಮೂಲ 30 ಇದ್ದರೆ ಅದರ ಎರಡು ಪಟ್ಟು. ಕಣ್ಣಿಗೆ 120, ಕೈಗೆ 60ಕ್ಕಿಂತ ಕಡಿಮೆ. ಕಥೆಯ ಆಟವನ್ನು ಗೇಮ್‌ಪ್ಯಾಡ್ ಹಿಡಿದು ಆಡುವವರಿಗೆ ಇದು ಒಳ್ಳೆಯ ವ್ಯಾಪಾರ. ಮೌಸ್ ಹಿಡಿದು ಶೂಟರ್ ಆಡುವವರಿಗೆ ಅಲ್ಲ.

ಮಾನಿಟರಿಗೂ ಇದಕ್ಕೂ ಇರುವ ನಂಟನ್ನು ಕೊಳ್ಳುವ ಮುಂಚೆ ತಿಳಿದಿರಬೇಕು. 144 ಹರ್ಟ್ಜ್ ಮಾನಿಟರಿನಲ್ಲಿ ಆಟ ಹಾಗೆಯೇ 100 ಎಫ್‌ಪಿಎಸ್ ಕೊಡುತ್ತಿದೆ ಎನ್ನಿ. ಫ್ರೇಮ್ ಜನರೇಶನ್ ಆನ್ ಮಾಡಿದರೆ ಒಟ್ಟು 138ಕ್ಕೆ ಮಿತಿ ಬೀಳುತ್ತದೆ, ಅದರಲ್ಲಿ ನಿಜದ್ದು ಅರ್ಧ, 69. ನೂರರಿಂದ ಅರವತ್ತೊಂಬತ್ತಕ್ಕೆ ಇಳಿದು ಲ್ಯಾಗ್ ಹೆಚ್ಚಿಸಿಕೊಂಡಂತಾಯಿತು. 2025ರಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳೊಂದಿಗೆ ಬಂದ ನಾಲ್ಕು ಪಟ್ಟಿನ ಆಯ್ಕೆಯನ್ನು ಅದೇ ಮಾನಿಟರಿನಲ್ಲಿ ಹಾಕಿದರೆ ನಿಜ ಫ್ರೇಮ್ 34ಕ್ಕೆ ಕುಸಿಯುತ್ತದೆ. ಎರಡು ಪಟ್ಟಿಗೆ 180ಕ್ಕಿಂತ ಮೇಲಿನ, ನಾಲ್ಕು ಪಟ್ಟಿಗೆ 240ಕ್ಕಿಂತ ಮೇಲಿನ ಮಾನಿಟರ್ ಇದ್ದರಷ್ಟೇ ಇದು ಸಾರ್ಥಕ, ಅದೂ ಮೂಲ ಎಫ್‌ಪಿಎಸ್ 60 ದಾಟಿದ್ದರೆ.

ನಿಮಗೆ ಯಾವುದು

ವ್ಯಾಲೊರಂಟ್ ಮತ್ತು ಕೌಂಟರ್-ಸ್ಟ್ರೈಕ್ ಬಿಟ್ಟು ಬೇರೇನೂ ಆಡದವರು, ಪ್ರೊಸೆಸರ್ ಗಟ್ಟಿ ಇದ್ದರೆ, 240 ಹರ್ಟ್ಜ್‌ನ 1080ಪಿ ಐಪಿಎಸ್ ಕೊಳ್ಳಿ. ರಿಫ್ಲೆಕ್ಸ್ ಆನ್, ಎಫ್‌ಪಿಎಸ್ 240ರ ಬಹಳ ಮೇಲಿದ್ದರೆ ಸಿಂಕ್ ಎಲ್ಲ ಆಫ್, ಇಲ್ಲದಿದ್ದರೆ ವಿಆರ್‌ಆರ್ ಮತ್ತು ಮಿತಿ.

ವಾರವಿಡೀ ಶೂಟರ್, ಭಾನುವಾರ ಸೈಬರ್‌ಪಂಕ್ 2077ರಂಥ ಭಾರಿ ಆಟ ಎನ್ನುವವರಿಗೆ 27 ಇಂಚಿನ 1440ಪಿ, 165 ಅಥವಾ 180 ಹರ್ಟ್ಜ್ ಐಪಿಎಸ್. ಭಾರಿ ಆಟದಲ್ಲಿ 70-100 ಎಫ್‌ಪಿಎಸ್ ಬರುವ ಕಾರ್ಡಿಗೆ ಇದಕ್ಕಿಂತ ಮೇಲಿನ ಹರ್ಟ್ಜ್ ವ್ಯರ್ಥ. ಉಳಿದ ದುಡ್ಡನ್ನು ಕಾರ್ಡಿಗೆ ಹಾಕಿ. ಬಜೆಟ್ ತೀರಾ ಬಿಗಿ ಇದ್ದರೆ 144-180 ಹರ್ಟ್ಜ್‌ನ 24 ಇಂಚಿನ 1080ಪಿ ಐಪಿಎಸ್ ಸಾಕು. 60ರಿಂದ ಬರುವವರಿಗೆ ಆ ಒಂದು ಹೆಜ್ಜೆಯಲ್ಲೇ ಲಾಭದ ಬಹುಪಾಲು ಸಿಕ್ಕಿಬಿಡುತ್ತದೆ.

1440ಪಿಯಲ್ಲಿ ಶೂಟರ್‌ಗಳು 200 ದಾಟುವ ಕಾರ್ಡ್ ಇದ್ದು, ಕೋಣೆಯ ಬೆಳಕು ಹತೋಟಿಯಲ್ಲಿದ್ದು, ಆಫೀಸ್ ಕೆಲಸಕ್ಕೆ ಬೇರೆ ಪರದೆ ಇರುವವರು 240 ಹರ್ಟ್ಜ್ ಓಎಲ್‌ಇಡಿಗೆ ಧೈರ್ಯವಾಗಿ ಹೋಗಬಹುದು. ವರ್ಕ್ ಫ್ರಂ ಹೋಮ್‌ಗೂ ಇದೇ ಪರದೆ ಎನ್ನುವವರಿಗೆ ನನ್ನ ಸಲಹೆ ಐಪಿಎಸ್ಸೇ.

ಪಿಎಸ್5ಗೆ 120ಕ್ಕಿಂತ ಮೇಲಿನ ಹರ್ಟ್ಜ್ ಬೇಡ, ಅದಕ್ಕಿಂತ ಹೆಚ್ಚು ಅದು ಕಳಿಸುವುದೇ ಇಲ್ಲ. ಆದರೆ ಅದರ ವಿಆರ್‌ಆರ್ ನಡೆಯುವುದು ಎಚ್‌ಡಿಎಂಐ 2.1ರ ವಿಆರ್‌ಆರ್ ಇದ್ದರೆ ಮಾತ್ರ. ಫ್ರೀಸಿಂಕ್ ಇರುವ ಎಚ್‌ಡಿಎಂಐ 2.0 ಮಾನಿಟರ್ ಎಕ್ಸ್‌ಬಾಕ್ಸ್‌ಗೆ ಆಗುತ್ತದೆ, ಪಿಎಸ್5ಗೆ ಆಗದು. 60ರಲ್ಲಷ್ಟೇ ಓಡುವ ಆಟಗಳು ಹೆಚ್ಚಿದ್ದರೆ ಇನ್ನೊಂದು ವಿಷಯ ವಿಮರ್ಶೆಗಳಲ್ಲಿ ನೋಡಿ: ಕೆಲವು ಮಾನಿಟರ್‌ಗಳು ಗರಿಷ್ಠ ವೇಗದಲ್ಲಿ ಚುರುಕಾಗಿದ್ದೂ 60 ಹರ್ಟ್ಜ್ ಸಂಕೇತಕ್ಕೆ ಹೆಚ್ಚು ತಡ ಮಾಡುತ್ತವೆ.

ಮನೆಗೆ ತಂದ ದಿನ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ, ಬದಲಾಯಿಸಿಕೊಡುವ ಅವಧಿ ಮುಗಿಯುವ ಮೊದಲೇ ಎಲ್ಲ ಪರೀಕ್ಷಿಸಿ. ವಿಂಡೋಸ್ ಹೊಸ ಮಾನಿಟರನ್ನು 60ರಲ್ಲೇ ಬಿಟ್ಟಿರುವುದು ತೀರಾ ಸಾಮಾನ್ಯ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ಬದಲಿಸಿ. ಬೇಕಾದ ಅಂಕಿ ಪಟ್ಟಿಯಲ್ಲೇ ಇಲ್ಲದಿದ್ದರೆ ಕೇಬಲ್ ನೋಡಿ: ಡಿಸ್‌ಪ್ಲೇಪೋರ್ಟ್ ಬಳಸಿ, ಅದು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿರಬೇಕು. ಎಚ್‌ಡಿಎಂಐ 2.0ರಲ್ಲಿ 1440ಪಿ ಸುಮಾರು 144ಕ್ಕೇ ನಿಲ್ಲುತ್ತದೆ.

ಓವರ್‌ಡ್ರೈವನ್ನು ಅತಿ ಜೋರಿಗೆ ಇಡಬೇಡಿ. ಟೆಸ್ಟ್‌ಯುಎಫ್‌ಓ ಎಂಬ ವೆಬ್ ಪುಟದಲ್ಲಿ ಓಡುವ ತಟ್ಟೆಯ ಹಿಂದೆ ಕಪ್ಪು ನೆರಳಿದ್ದರೆ ಒಂದು ಮೆಟ್ಟಿಲು ಏರಿಸಿ, ಬೆಳ್ಳಗಿನ ಹೊಳೆವ ಅಂಚು ಬಂದರೆ ಒಂದು ಮೆಟ್ಟಿಲು ಇಳಿಸಿ. 180ರಲ್ಲಿ ಸರಿ ಇದ್ದದ್ದು 70 ಎಫ್‌ಪಿಎಸ್‌ಗೆ ಅತಿಯಾಗಬಹುದು, ಆದ್ದರಿಂದ ನೀವು ಹೆಚ್ಚಾಗಿ ಆಡುವ ಎಫ್‌ಪಿಎಸ್‌ಗೆ ಹೊಂದಿಸಿ. ಮೌಸಿನ ಪೋಲಿಂಗ್ (ಸೆಕೆಂಡಿಗೆ ಎಷ್ಟು ಸಲ ಪಿಸಿಗೆ ಸುದ್ದಿ ಕೊಡುತ್ತದೆ ಎಂಬ ಅಂಕಿ) 125ರಲ್ಲಿದ್ದರೆ ಅದೊಂದೇ 8 ಮಿಲಿಸೆಕೆಂಡ್‌ವರೆಗೆ ತಿನ್ನುತ್ತದೆ, 1000ಕ್ಕೆ ಏರಿಸಿ.

ಲ್ಯಾಗ್ ಅಳೆಯಲು ಫೋನ್ ಸಾಕು. 240 ಎಫ್‌ಪಿಎಸ್ ಸ್ಲೋ ಮೋಷನ್‌ನಲ್ಲಿ ಮೌಸ್ ಮತ್ತು ಪರದೆ ಎರಡೂ ಕಾಣುವಂತೆ ಚಿತ್ರೀಕರಿಸಿ, ಬೆರಳು ಗುಂಡಿ ಒತ್ತಿದ ಫ್ರೇಮಿನಿಂದ ಬಂದೂಕು ಮಿಂಚಿದ ಫ್ರೇಮಿನವರೆಗೆ ಎಣಿಸಿ. ಒಂದು ಫ್ರೇಮಿಗೆ 4.2 ಮಿಲಿಸೆಕೆಂಡ್. ಇಪ್ಪತ್ತು ಸಲ ಮಾಡಿ ಸರಾಸರಿ ತೆಗೆಯಿರಿ, ಸೆಟ್ಟಿಂಗ್ ಒಂದೊಂದಾಗಿ ಬದಲಿಸಿ ಮತ್ತೆ ಅಳೆಯಿರಿ. ವಿ-ಸಿಂಕ್ ತಿನ್ನುವ ಪಾಲು ನಿಮ್ಮ ಕಣ್ಣಮುಂದೆಯೇ ಬರುತ್ತದೆ.

ಓಎಲ್‌ಇಡಿ ಕೊಂಡವರು ನಮ್ಮ ಮನೆಗಳ ಒಂದು ರೂಢಿಯನ್ನು ಬಿಡಬೇಕು. ರಾತ್ರಿ ಮಲಗುವಾಗ ಗೋಡೆಯ ಸ್ವಿಚ್ ಆಫ್ ಮಾಡಿದರೆ, ಮಾನಿಟರ್ ಸ್ಟ್ಯಾಂಡ್‌ಬೈನಲ್ಲಿ ಕೆಲವು ನಿಮಿಷ ನಡೆಸುವ ಪಿಕ್ಸೆಲ್ ರಿಫ್ರೆಶ್ ನಡೆಯುವುದೇ ಇಲ್ಲ, ಗುರುತು ಉಳಿಯುವ ಅಪಾಯ ಬೆಳೆಯುತ್ತದೆ. ಮಾನಿಟರಿನ ಗುಂಡಿಯಿಂದ ಆರಿಸಿ, ಸ್ವಿಚ್ ಆನ್ ಇರಲಿ, ದೀಪ ತಾನಾಗಿ ಬಣ್ಣ ಬದಲಿಸಿ ಶಾಂತವಾಗುವ ತನಕ ಬಿಡಿ. ಕರೆಂಟ್ ಪದೇ ಪದೇ ಹೋಗುವ ಊರಾದರೆ ಮಾನಿಟರಿನ ಪ್ಲಗ್ಗನ್ನೂ ಯುಪಿಎಸ್‌ಗೇ ಚುಚ್ಚಿ.